ಐವತ್ತರ ನೋಟಿನ ರಥ

ಕಳೆದ ದಸರಾ ರಜೆಯಲ್ಲಿ ತುಮಕೂರಿನಿಂದ ಹಂಪಿಗೆ ಹೋಗಿಬರುವ ಖರ್ಚನ್ನು ಹಳೆಯ ಡೈರಿಯೊಂದರಲ್ಲಿ ಬರೆದಾಗ, ಬಸ್ಸಿನ ಬಾಬ್ತಿನಲ್ಲಿ ಇದ್ದದ್ದು ನನ್ನೊಬ್ಬನ ಹೆಸರು ಮಾತ್ರ. 2023ರ ಜೂನ್ 11ರಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ನಮ್ಮ ಮನೆಯಲ್ಲಿರುವುದು ಅಮ್ಮ, ಹೆಂಡತಿ, ಹದಿಮೂರರ ಮಗಳು ಮತ್ತು ನಾನು. ರಾಜಹಂಸ, ಸ್ಲೀಪರ್ ಮುಂತಾದ ಬಸ್ಸುಗಳಿಗೆ ಈ ಸೌಲಭ್ಯ ಅನ್ವಯಿಸದಿರುವುದರಿಂದ, ಚಿತ್ರದುರ್ಗದಲ್ಲಿ ಇಳಿದು ಇನ್ನೊಂದನ್ನು ಹತ್ತಬೇಕಾದ ಸಾಮಾನ್ಯ ಬಸ್ಸನ್ನೇ ಆರಿಸಿ, ನಾಲ್ವರ ಪ್ರಯಾಣವನ್ನು ಒಬ್ಬನ ದುಡ್ಡಿನಲ್ಲಿ ಮುಗಿಸುವ ಹಿಗ್ಗಿನಲ್ಲಿ ಹೊರಟೆ.

ಬಸ್ಸು ಊರು ದಾಟುವ ಮೊದಲೇ ಆ ಲೆಕ್ಕ ಕೆಟ್ಟಿತು. ಅಮ್ಮ ಆರು ವರ್ಷ ಹಿಂದೂಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಗ, ಆಧಾರ್ ಕಾರ್ಡಿನ ವಿಳಾಸವೂ ಅವಳ ಜೊತೆ ಗಡಿ ದಾಟಿ, ಅವಳು ಮರಳಿ ಬಂದ ಮೇಲೂ ಅಲ್ಲೇ ಉಳಿದುಬಿಟ್ಟಿತ್ತು. “ಇದು ಆಂಧ್ರದ ಕಾರ್ಡಮ್ಮ, ಟಿಕೆಟ್ ತಗೋಬೇಕು” ಎಂದ ನಿರ್ವಾಹಕರಿಗೆ ಅಮ್ಮ, “ನಾನು ಹುಟ್ಟಿದ್ದು ಮಿಡಿಗೇಶಿ ಕಣಪ್ಪ, ಕೊಟ್ಟಿದ್ದು ಕೊರಟಗೆರೆಗೆ. ಆಂಧ್ರಕ್ಕೆ ಹೋಗಿದ್ದು ಮೊಮ್ಮಗನ್ನ ಎತ್ತಾಡ್ಸೋಕೆ” ಎಂದು ತನ್ನ ಕನ್ನಡತನವನ್ನು ಸವಿಸ್ತಾರವಾಗಿ ನಿರೂಪಿಸಿದಳು. ಅವರು ಎಲ್ಲವನ್ನೂ ಮರುಕದಿಂದಲೇ ಆಲಿಸಿ, ಪೂರ್ತಿ ದರದ ಟಿಕೆಟ್ ಕೊಟ್ಟರು. ಆಮೇಲೆ ಚಿತ್ರದುರ್ಗದವರೆಗೆ ಅಮ್ಮ ಕಿಟಕಿಯ ಪಕ್ಕದ ಸೀಟನ್ನು ಶೂನ್ಯ ಟಿಕೆಟಿನ ಸೊಸೆಗೆ ಬಿಟ್ಟುಕೊಡಲಿಲ್ಲ. ದುಡ್ಡು ಕೊಟ್ಟು ಬಂದವಳು ತಾನೆಂಬುದು ಅವಳ ವಾದ. ದುಡ್ಡು ಕೊಟ್ಟಿದ್ದ ನಾನು ನಿಂತಿದ್ದೆ.

ಹೊಸಪೇಟೆಯ ವಸತಿಗೃಹದ ಬಗ್ಗೆ ಹೆಚ್ಚು ಹೇಳುವಂತಿಲ್ಲ, ಏಕೆಂದರೆ ಅಲ್ಲಿ ಹೆಚ್ಚೇನೂ ಇರಲಿಲ್ಲ. ಪ್ಲಗ್ ಒಂದೇ ಇತ್ತು. ನಾಲ್ವರ ಕಾಫಿಯ ಖರ್ಚನ್ನು ಉಳಿಸಲೆಂದು ಕೆಟಲನ್ನು ಊರಿನಿಂದಲೇ ಹೊತ್ತು ತಂದಿದ್ದ ನಾನು, ಬೆಳಗಿನ ಸಿದ್ಧತೆಯ ಹುರುಪಿನಲ್ಲಿ ರಾತ್ರಿಯೇ ಅದನ್ನು ಆ ಪ್ಲಗ್ಗಿಗೆ ಸಿಕ್ಕಿಸಿ ಮಲಗಿದೆ. ಮೊಬೈಲ್ ಚಾರ್ಜ್ ಮಾಡಬೇಕಿತ್ತೆಂಬುದು ನೆನಪಾದದ್ದು ಮರುದಿನ ನೀರು ಕುದಿಯುವಾಗ. ಹೆಂಡತಿಯ ಮೊಬೈಲನ್ನು ಮಗಳು ಬಸ್ಸಿನಲ್ಲೇ ಬರಿದು ಮಾಡಿದ್ದಳು.

ಬುತ್ತಿಯ ಕಥೆಯನ್ನು ಬೇಗ ಮುಗಿಸುತ್ತೇನೆ. ಕೋತಿಗಳೂ ಅದನ್ನು ಬೇಗನೆ ಮುಗಿಸಿದವು. ದೇವರಾಯನದುರ್ಗದ ಕೋತಿಗಳನ್ನು ಕಂಡು ಬೆಳೆದ ನಾನು ಎಚ್ಚರದಿಂದಿರಬೇಕಿತ್ತು ನಿಜ, ಆದರೆ ಪುಳಿಯೋಗರೆ ಡಬ್ಬಿಯ ಮುಚ್ಚಳವನ್ನು ಅಷ್ಟು ನಯವಾಗಿ ತೆರೆಯುವ ಕೋತಿಯನ್ನು ನಮ್ಮ ಕಡೆ ಕಂಡಿಲ್ಲ. “ಕಿಷ್ಕಿಂಧೆ ಕಣೋ ಇದು. ಆಂಜನೇಯನಿಗೆ ನೈವೇದ್ಯ ಆಯ್ತು ಅಂದ್ಕೋ” ಎಂದಳು ಅಮ್ಮ. ಡೈರಿಯಲ್ಲಿ ನಾಲ್ಕು ಹೋಟೆಲ್ ಊಟ ಸೇರಿತು.

ವಿಠ್ಠಲ ದೇವಾಲಯದಲ್ಲಿ ತಲಾ 40 ರೂಪಾಯಿಯಂತೆ ಮೂವರಿಗೆ 120 ಆಯಿತು. ಹದಿನೈದು ತುಂಬದ ಮಗಳಿಗೆ ಟಿಕೆಟ್ ಇರಲಿಲ್ಲ. ಅದೇ ಟಿಕೆಟ್ ಅದೇ ದಿನ ಕಮಲ ಮಹಲ್ ಮತ್ತು ಗಜಶಾಲೆಗೂ ನಡೆಯುತ್ತದೆ ಎಂದು ತಿಳಿದ ಕ್ಷಣದಿಂದ ನನಗೆ ಕಲ್ಲಿನ ರಥ ಕಾಣಲಿಲ್ಲ, ಗಡಿಯಾರವೇ ಕಂಡಿತು. ಅಮ್ಮನಿಗೋ ಅವಸರವಿರಲಿಲ್ಲ. 2017ರಲ್ಲಿ ಬಂದ ಐವತ್ತರ ನೀಲಿ ನೋಟನ್ನು ನನ್ನ ಜೇಬಿನಿಂದಲೇ ತೆಗೆಸಿ, ಅದರ ಹಿಂಬದಿಯ ಚಿತ್ರಕ್ಕೂ ಎದುರಿನ ರಥಕ್ಕೂ ಚಕ್ರ ಚಕ್ರವನ್ನೇ ತಾಳೆ ನೋಡಿದಳು. ರಥದ ಮುಂದೆ ಆನೆಗಳಿರುವುದೇಕೆಂದು ಕೇಳಿದಾಗ, ಮೊದಲು ಅಲ್ಲಿ ಕುದುರೆಗಳಿದ್ದವು, ಆನೆಗಳನ್ನು ಆಮೇಲೆ ತಂದಿಟ್ಟದ್ದು, ಕುದುರೆಗಳ ಹಿಂಗಾಲಿನ ಗುರುತು ಈಗಲೂ ಇದೆ ಎಂದೆ. “ನಿನ್ನಂಗೇ, ಸಿಕ್ಕಿದ್ದರಲ್ಲೇ ಸುಧಾರಿಸಿದ್ದಾರೆ” ಎಂದಳು.

ಅಲ್ಲಿದ್ದ ಛಾಯಾಗ್ರಾಹಕನೊಬ್ಬ ಅಮ್ಮನ ಫೋಟೊ ತೆಗೆಯಲು ಐವತ್ತು ರೂಪಾಯಿ ಕೇಳಿದ. ಕೈಯಲ್ಲಿ ಮೊಬೈಲಿರುವಾಗ ಇದೆಂಥ ದುಂದುವೆಂದು ಅವನನ್ನು ಸಾಗಹಾಕಿ, ಅಮ್ಮನ ಸೆರಗು ಸರಿಮಾಡಿಸಿ, ಮೊಬೈಲನ್ನು ಎತ್ತಿ ಹಿಡಿದೆ. ಅದು ಒಮ್ಮೆ ಮಿಣುಕಿ ಕಣ್ಣುಮುಚ್ಚಿತು. ಛಾಯಾಗ್ರಾಹಕ ಅಷ್ಟರಲ್ಲಿ ಬೇರೊಂದು ಕುಟುಂಬದ ಪಾಲಾಗಿದ್ದ. ಅವನಿಗಾಗಿ ಕಾದರೆ ಕಮಲ ಮಹಲಿನ ಬಾಗಿಲು ಹಾಕುತ್ತಾರೆ. 120 ರೂಪಾಯಿಯ ಟಿಕೆಟಿನ ಉಳಿದರ್ಧ ವ್ಯರ್ಥವಾಗಬಾರದೆಂದು 300 ರೂಪಾಯಿ ಕೊಟ್ಟು ಆಟೋ ಹತ್ತಿಸಿದೆ. ಮುಂದಿನ ಹತ್ತು ನಿಮಿಷ ಕಮಲ ಮಹಲನ್ನೂ ಗಜಶಾಲೆಯನ್ನೂ ಕಾವಲುಗಾರನ ಸೀಟಿಯ ತಾಳಕ್ಕೆ ಸರಿಯಾಗಿ ನೋಡಿದೆವು.

ಮರುದಿನ ರಾತ್ರಿ ತುಮಕೂರಿನ ಮನೆಯ ಮುಂದೆ ಆಟೋದಿಂದ ಇಳಿದಾಗ ಬಾಡಿಗೆ ಐವತ್ತಾಗಿತ್ತು. ಇಡೀ ಪ್ರವಾಸದಲ್ಲಿ ಚಿಲ್ಲರೆಯ ತೊಡಕಿಲ್ಲದೆ ಕೊಡಬಹುದಾಗಿದ್ದ ಮೊತ್ತ ಅದೊಂದೇ. ಆ ನೀಲಿ ನೋಟನ್ನು ಚಾಚುತ್ತಿದ್ದಂತೆ ಅಮ್ಮ ಅದನ್ನು ಕಸಿದು ಸೊಂಟದ ಚೀಲಕ್ಕೆ ಸೇರಿಸಿದಳು. “ಇದು ಬೇಡ. ಇದರ ಮುಂದೆ ನಿಂತಿದ್ದೆ ಅಂತ ನಿನ್ನ ತಮ್ಮನಿಗೆ ತೋರಿಸೋಕೆ ಇನ್ನೇನಿದೆ?”

ನೂರರ ನೋಟು ಕೊಟ್ಟೆ. ಚಾಲಕ ಅದನ್ನು ದೀಪದ ಬೆಳಕಿಗೆ ಹಿಡಿದು ನೋಡಿ, ಚಿಲ್ಲರೆ ಇಲ್ಲ ಸಾರ್ ಎಂದ.