ಲೆಸ್ ಪಾಲ್ ಎಂದರೆ ಬರೀ ಗಿಟಾರೇ?

ನಿನ್ನೆ ವಾದ್ಯದ ಅಂಗಡಿಯೊಂದರಲ್ಲಿ ತಂತಿ ಕೊಳ್ಳಲು ನಿಂತಿದ್ದೆ. ಕಾಲೇಜು ಹುಡುಗನೊಬ್ಬ ಗೋಡೆಯಲ್ಲಿ ತೂಗುತ್ತಿದ್ದ ಗಿಟಾರ್ ತೋರಿಸಿ, ಲೆಸ್ ಪಾಲ್ ಅಂದರೆ ಯಾರು ಎಂದು ಕೇಳಿದ. ಅಂಗಡಿಯವರು ತಲೆಯೆತ್ತದೆ, ‘ಯಾರೂ ಅಲ್ಲ, ಅದು ಮಾಡೆಲ್ ಹೆಸರು’ ಎಂದರು. ಯಾರೂ ಅಲ್ಲವಂತೆ! ನನ್ನ ಮೂಗಿನ ತುದಿಯ ಕೋಪ ನಿಮಗೆ ಗೊತ್ತೇ ಇದೆ. ಅಲ್ಲಿ ಬಾಯಿ ಮುಚ್ಚಿಕೊಂಡು ಬಂದೆ, ಇಲ್ಲಿ ತೆರೆಯುತ್ತಿದ್ದೇನೆ.

ಗಿಬ್ಸನ್ ಕಂಪನಿ 1952ರಲ್ಲಿ ಆತನ ಹೆಸರಿನ ಗಿಟಾರನ್ನು ಮಾರುಕಟ್ಟೆಗೆ ತಂದದ್ದು ನಿಜ. ಆದರೆ ಆ ಗಿಟಾರ್ ಹುಟ್ಟದೇ ಇದ್ದಿದ್ದರೂ ಇಂದು ನಿಮ್ಮ ಇಯರ್‌ಫೋನಿಗೆ ಬರುವ ಹಾಡಿನಲ್ಲಿ ಲೆಸ್ ಪಾಲ್ ಇರುತ್ತಿದ್ದ. ಗಾಯಕಿ ಒಂದು ದಿನ ಹಾಡಿ ಹೋಗುತ್ತಾಳೆ, ಕೊಳಲಿನವನು ಮರುವಾರ ಬಂದು ನುಡಿಸುತ್ತಾನೆ, ಕೇಳುವಾಗ ಇಬ್ಬರೂ ಒಟ್ಟಿಗೆ ಕುಳಿತಂತೆ ಇರುತ್ತದೆ. ಈ ಮಾಯೆಗಾಗಿ ಹಗಲಿರುಳು ಒದ್ದಾಡಿದವನು ಅಮೆರಿಕದ ವಿಸ್ಕಾನ್ಸಿನ್‌ನ ವಾಕೆಶಾ ಎಂಬ ಊರಿನಲ್ಲಿ 1915ರಲ್ಲಿ ಹುಟ್ಟಿದ ಈ ಗಿಟಾರ್ ವಾದಕ.

ಹಾಲಿವುಡ್‌ನ ತನ್ನ ಮನೆಯ ಗ್ಯಾರೇಜಿನಲ್ಲಿ, ಕ್ಯಾಡಿಲಾಕ್ ಕಾರಿನ ಫ್ಲೈವೀಲ್ ಎಂಬ ಭಾರದ ಚಕ್ರ ಹಾಕಿ ತಾನೇ ಕಟ್ಟಿಕೊಂಡ ಯಂತ್ರದಲ್ಲಿ ಧ್ವನಿಯನ್ನು ಡಿಸ್ಕಿಗೆ ಕೊರೆಯುತ್ತಿದ್ದ. ಒಂದು ಡಿಸ್ಕ್ ಹಾಕಿ ಅದರ ಜೊತೆಗೆ ನುಡಿಸುವುದು, ಎರಡನ್ನೂ ಸೇರಿಸಿ ಹೊಸ ಡಿಸ್ಕಿಗೆ ಇಳಿಸುವುದು. ಹೀಗೆ ಎಂಟು ಗಿಟಾರ್‌ಗಳನ್ನು ಒಬ್ಬನೇ ನುಡಿಸಿದ ‘ಲವರ್’ 1948ರಲ್ಲಿ ಹೊರಬಂತು. ಕೆಲವನ್ನು ನಿಧಾನದ ವೇಗದಲ್ಲಿ ಮುದ್ರಿಸಿ ಆಮೇಲೆ ಜೋರಾಗಿ ಓಡಿಸಿದ್ದರಿಂದ ಗಿಟಾರ್ ಚಿಲಿಪಿಲಿಗುಟ್ಟುತ್ತದೆ. ನಿಜ ಹೇಳಲೇ? ನನಗೆ ಆ ಹಾಡು ಅಷ್ಟೇನೂ ಹಿಡಿಸುವುದಿಲ್ಲ, ಗೊಂಬೆಗಳು ನುಡಿಸಿದಂತಿದೆ. ಅದೇ ವರ್ಷ ಒಕ್ಲಹಾಮಾದಲ್ಲಿ ಕಾರು ಅಪಘಾತವಾಗಿ ಬಲಗೈ ಪುಡಿಯಾಯಿತು. ಮೊಣಕೈ ಇನ್ನು ಮಡಚುವುದಿಲ್ಲ ಎಂದಾಗ, ಗಿಟಾರ್ ಹಿಡಿಯುವ ಕೋನದಲ್ಲೇ ಅದನ್ನು ಕೂರಿಸಿ ಎಂದು ವೈದ್ಯರಿಗೆ ಹೇಳಿದನಂತೆ ಪುಣ್ಯಾತ್ಮ.

ಆಮೇಲೆ ಗಾಯಕ ಬಿಂಗ್ ಕ್ರಾಸ್ಬಿ ಆಂಪೆಕ್ಸ್ ಕಂಪನಿಯ ಒಂದು ಟೇಪ್ ಮುದ್ರಣ ಯಂತ್ರ ಕೊಟ್ಟ. ಅದರಲ್ಲಿ ಓಡುವ ಟೇಪಿಗೆ ತಾಗುವ ಹೆಡ್ ಎಂಬ ಪುಟ್ಟ ಭಾಗಗಳಿವೆ: ಅಳಿಸುವ ಹೆಡ್, ಮುದ್ರಿಸುವ ಹೆಡ್, ಕೇಳಿಸುವ ಹೆಡ್ ಸಾಲಾಗಿರುತ್ತವೆ. ಈತ ಅಳಿಸುವ ಹೆಡ್ಡಿಗಿಂತ ಮುಂಚೆ ಕೇಳಿಸುವ ಹೆಡ್ ಇನ್ನೊಂದನ್ನು ಜೋಡಿಸಿದ. ಹಳೆಯ ಧ್ವನಿ ಅಳಿಯುವ ಮೊದಲೇ ಅದನ್ನು ಹಿಡಿದು, ಹೊಸ ನುಡಿಸಾಣಿಕೆಯೊಂದಿಗೆ ಬೆರೆಸಿ, ಅದೇ ಟೇಪಿಗೆ ಮತ್ತೆ ಬರೆಯುವ ಉಪಾಯ. ಆದರೆ ಹಿಂದಿನದು ಅಳಿದೇ ಹೋಗುತ್ತದಲ್ಲ! ಏಳನೆಯ ಪದರದಲ್ಲಿ ಬೆರಳು ಜಾರಿದರೆ ಆರೂ ಪದರಗಳು ನೀರಿನಲ್ಲಿಟ್ಟ ಹೋಮ. ಪ್ರತಿ ಸಲವೂ ಹಳೆಯ ಪದರ ಮಸುಕಾಗುವುದರಿಂದ ಮುಖ್ಯವಾದದ್ದನ್ನು ಕೊನೆಗೆ ಉಳಿಸಿಕೊಳ್ಳಬೇಕು. ಈಗ ನಾವು ಒಂದು ಸ್ವರ ತಪ್ಪಿದರೆ ಬೆರಳಿನಿಂದ ಒತ್ತಿ ಹಿಂದಕ್ಕೆ ಹೋಗುತ್ತೇವೆ, ಆ ಮೇಲೆ ಸುಸ್ತಾಯಿತೆಂದು ಕಾಫಿ ಕುಡಿಯುತ್ತೇವೆ.

ಹೀಗೆ ಪದರ ಪದರವಾಗಿ ಕಟ್ಟಿದ ‘ಹೌ ಹೈ ದ ಮೂನ್’ 1951ರಲ್ಲಿ ಅಮೆರಿಕದಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. ಅದರಲ್ಲಿ ಕೇಳುವ ಹೆಂಗಸರ ಗುಂಪು ಗುಂಪೇ ಅಲ್ಲ, ಅವನ ಹೆಂಡತಿ ಮೇರಿ ಫೋರ್ಡ್ ಒಬ್ಬಳೇ. ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಹಾಡಿದ್ದಾಳೆ, ಪಿಸುಮಾತೂ ಕಿವಿಯ ಪಕ್ಕದಲ್ಲೇ ಆಡಿದಂತೆ. ಆಕೆಯ ಹೆಸರಿನಲ್ಲಂತೂ ಗಿಟಾರೂ ಇಲ್ಲ, ಅಂಗಡಿಯವರು ತಪ್ಪಾಗಿ ಹೇಳಲಿಕ್ಕಾದರೂ.

‘1941ರಲ್ಲೇ ಜಾಝ್ ವಾದಕ ಸಿಡ್ನಿ ಬೆಶೆ ಆರು ವಾದ್ಯಗಳನ್ನು ಒಬ್ಬನೇ ನುಡಿಸಿ ಮುದ್ರಿಸಿದ್ದ’ ಎಂದು ನಮ್ಮ ಗುಂಪಿನ ಪಂಡಿತರೊಬ್ಬರು ಖಂಡಿತ ಬರೆಯುತ್ತಾರೆ. ಗೊತ್ತು ಸ್ವಾಮಿ. ಬೆಶೆ ದೊಡ್ಡ ಕಲಾವಿದ, ಸರಿ. ಅದೊಂದು ಅದ್ಭುತ ಪ್ರಯೋಗ. ಆದರೆ ಅದನ್ನು ದಿನದ ಕೆಲಸವನ್ನಾಗಿ ಮಾಡಿಕೊಂಡು, ಯಂತ್ರವನ್ನೇ ಬಿಚ್ಚಿ ತಿದ್ದಿ, ತಯಾರಕರ ಬೆನ್ನು ಹತ್ತಿದವನು ಯಾರು? ಆಂಪೆಕ್ಸ್ 1957ರಲ್ಲಿ ಎಂಟು ಟ್ರ್ಯಾಕಿನ, ಅಂದರೆ ಒಂದೇ ಟೇಪಿನಲ್ಲಿ ಎಂಟು ಧ್ವನಿಗಳನ್ನು ಬೇರೆ ಬೇರೆಯಾಗಿ ಇಡುವ, ಯಂತ್ರ ತಲುಪಿಸಿದ್ದು ಇವನ ಮನೆಗೇ. ಅದರಲ್ಲಿ ಒಂದು ಟ್ರ್ಯಾಕ್ ಕೆಟ್ಟರೆ ಅದೊಂದನ್ನೇ ಮತ್ತೆ ನುಡಿಸಿದರಾಯಿತು, ಉಳಿದ ಏಳಕ್ಕೆ ಕೂದಲೂ ಕೊಂಕುವುದಿಲ್ಲ. ಹತ್ತು ವರ್ಷಗಳ ನಂತರವೂ ಬೀಟಲ್ಸ್ ಲಂಡನ್ನಿನಲ್ಲಿ ನಾಲ್ಕು ಟ್ರ್ಯಾಕ್‌ಗಳಲ್ಲಿ ಹೆಣಗಾಡುತ್ತಿದ್ದರು. ಬೀಟಲ್ಸ್ ಭಕ್ತರು ಬೈಯುವುದಿದ್ದರೆ ಕಾಮೆಂಟಿನಲ್ಲಿ ಬೈಯಿರಿ, ಇನ್‌ಬಾಕ್ಸಿಗೆ ಬರಬೇಡಿ.