13 ವರ್ಷ ಸುಮ್ಮನಿದ್ದದ್ದಕ್ಕೆ ಅಭಿನಂದನೆ

ಗಾರೆ ಕೆಲಸಕ್ಕೆ ಬಂದವನು ಅರ್ಧ ಗೋಡೆ ಎಬ್ಬಿಸಿ ನಾಪತ್ತೆಯಾಗಿ, 13 ವರ್ಷ ಆದ ಮೇಲೆ ಬಾಗಿಲು ಬಡಿದು "ಇಟ್ಟಿಗೆ ತಂದಿದ್ದೀನಿ" ಅಂದ ಅಂದುಕೊಳ್ಳಿ. ಕಣ್ಣೀರು ಹಾಕಿಕೊಂಡು ಅವನನ್ನು ತಬ್ಬಿಕೊಳ್ಳುತ್ತೇವಾ? ಅವನ ಹೆಸರಿರುವ ಟೀ ಶರ್ಟ್ ಕೊಂಡು, ಮೊದಲನೇ ಇಟ್ಟಿಗೆ ಇಡುವ ಗಳಿಗೆಗೆ ಮಧ್ಯರಾತ್ರಿ ಅಲಾರಂ ಇಟ್ಟುಕೊಳ್ಳುತ್ತೇವಾ?

ಈ ಮರ್ಯಾದೆ ರಾಕ್ ಬ್ಯಾಂಡಿಗೆ ಮಾತ್ರ. ಪಾಪ, ಎರಡು ವರ್ಷಕ್ಕೊಂದು ಆಲ್ಬಂ ನಿಯತ್ತಾಗಿ ಮಾಡುವವರನ್ನು ನಾವು "ಸರಕು ಮುಗಿದಿದೆ, ಸುಮ್ನೆ ಹೊಡೀತಿದ್ದಾರೆ" ಅಂತ ತಳ್ಳಿಹಾಕುತ್ತೇವೆ. ಏನೂ ಮಾಡದೆ ಕೂತವರದ್ದು ತಪಸ್ಸು.

ನಾನು ಹೀಗೆ ಕಾದದ್ದು ಟೂಲ್ ಅನ್ನುವ ಅಮೆರಿಕದ ರಾಕ್ ಬ್ಯಾಂಡಿಗೆ. 2006ರಲ್ಲಿ ಅವರು '10,000 ಡೇಸ್' ಅಂತ ಒಂದು ಆಲ್ಬಂ ಬಿಟ್ಟರು. ಅದು ಹೆಸರಲ್ಲ, ನೋಟಿಸು ಅಂತ ಆಗ ಹೊಳೆಯಲಿಲ್ಲ. ಮುಂದಿನ ಆಲ್ಬಂ 'ಫಿಯರ್ ಇನಾಕ್ಯುಲಂ' ಬಂದದ್ದು 2019ರ ಆಗಸ್ಟ್ 30ಕ್ಕೆ. ಕೂತು ಲೆಕ್ಕ ಹಾಕಿದೆ, ಐದು ಸಾವಿರ ದಿನವೂ ಆಗಿಲ್ಲ. ಅರ್ಧ ಶಿಕ್ಷೆ ಮಾಫಿ! ನಡುವೆ ಒಂದು ವಿಮಾ ಕಂಪನಿ ಜೊತೆ ವರ್ಷಗಟ್ಟಲೆ ಕೋರ್ಟು ಕೇಸಿತ್ತು, ಅದೂ ನಿಜವೇ. ಆದರೆ ಹಾಡುಗಾರ ಮೇನಾರ್ಡ್ ಜೇಮ್ಸ್ ಕೀನನ್ ಅಷ್ಟರಲ್ಲಿ ಇನ್ನೆರಡು ಬ್ಯಾಂಡುಗಳ ಆಲ್ಬಂ ಹೊರತಂದ, ಅರಿಜೋನಾದಲ್ಲಿ ದ್ರಾಕ್ಷಿ ಬೆಳೆದು ವೈನ್ ಮಾಡಿದ. ವೈನು ಹಳೆಯದಾದಷ್ಟೂ ರುಚಿ ಅಂತಾರಲ್ಲ, ಆ ಲೆಕ್ಕವನ್ನೇ ನಮ್ಮ ಮೇಲೂ ಹಾಕಿದನೋ ಏನೋ.

ಕೊನೆಗೂ ಸಿಡಿ ಬಂತು. ಸಿಡಿ ಅಂದೆನಾ? ಕವರಿನೊಳಗೆ ನಾಲ್ಕು ಇಂಚಿನ ವಿಡಿಯೋ ಸ್ಕ್ರೀನ್, ಒಂದು ಪುಟ್ಟ ಸ್ಪೀಕರ್, ಜೊತೆಗೆ ಚಾರ್ಜ್ ಮಾಡಲು ಕೇಬಲ್ಲು. ಹೌದು, ಕವರನ್ನು ಚಾರ್ಜ್ ಮಾಡಬೇಕು. ಹಾಡು ಏಳು, ಅದರಲ್ಲಿ ಆರು ಹತ್ತು ನಿಮಿಷಕ್ಕಿಂತ ಉದ್ದ. ಮೊದಲ ಹಾಡಿನಲ್ಲಿ ಗಿಟಾರು ಇನ್ನೂ ಮೈಮುರಿಯುತ್ತಿರುವಾಗಲೇ ನಾನು "ಇದು ಅವರ ಬೆಸ್ಟು" ಅಂತ ನಾಲ್ಕು ಜನಕ್ಕೆ ಮೆಸೇಜ್ ಹಾಕಿಯಾಗಿತ್ತು. ಮತ್ತೇನು ಹೇಳಬೇಕಿತ್ತು? ಚೆನ್ನಾಗಿಲ್ಲ ಅಂದರೆ ಕಾದ ಅಷ್ಟೂ ವರ್ಷ ನೀರುಪಾಲು ಅಂತ ನಾನೇ ಸಹಿ ಹಾಕಿಕೊಟ್ಟ ಹಾಗಾಗುತ್ತೆ. ಒಬ್ಬ ಗೆಳೆಯ ಮಾತ್ರ "ಬೋರು" ಅಂದ. ಒಂದು ಸಲ ಕೇಳಿ ಹೇಳಬೇಡ, ಹತ್ತು ಸಲ ಕೇಳು, ಆಗ ಬಿಚ್ಚಿಕೊಳ್ಳುತ್ತೆ ಅಂದೆ. ಸುಮಾರು 80 ನಿಮಿಷದ ಆಲ್ಬಂ ಹತ್ತು ಸಲ ಅಂದರೆ 13 ಗಂಟೆ. ಅವನು ಆಮೇಲೆ ಫೋನ್ ಎತ್ತಿಲ್ಲ.

ಆದರೂ ಈ ಕಾಯಿಸುವ ವಿದ್ಯೆಯಲ್ಲಿ ನಮ್ಮ ಟೂಲ್‌ನವರು ಚಿಕ್ಕವರೇ. ದೊಡ್ಡ ಮೇಷ್ಟ್ರು ಗನ್ಸ್ ಎನ್ ರೋಸಸ್ ಬ್ಯಾಂಡಿನ ಹಾಡುಗಾರ ಆಕ್ಸೆಲ್ ರೋಸ್. ಅವರ ಸ್ವಂತ ಹಾಡುಗಳ ಆಲ್ಬಂ ಕೊನೆಯ ಸಲ ಬಂದದ್ದು 1991ರಲ್ಲಿ. ಅದಾದ ಮೇಲೆ 'ಚೈನೀಸ್ ಡೆಮಾಕ್ರಸಿ' ಬರುತ್ತೆ, ಬರುತ್ತೆ ಅಂತ ಹೇಳಿ ಹೇಳಿ, ಬ್ಯಾಂಡಿನವರು ಒಬ್ಬೊಬ್ಬರಾಗಿ ಎದ್ದು ಹೋಗಿ, ಪತ್ರಿಕೆಗಳ ಪ್ರಕಾರ 1 ಕೋಟಿ 30 ಲಕ್ಷ ಡಾಲರ್ ಕರಗಿ ಹೋಯಿತು. 2008ರ ಮಾರ್ಚಿನಲ್ಲಿ ಡಾಕ್ಟರ್ ಪೆಪ್ಪರ್ ಅನ್ನುವ ಸೋಡಾ ಕಂಪನಿ ಒಂದು ಪಂಥ ಕಟ್ಟಿತು: ಈ ವರ್ಷ ಆಲ್ಬಂ ಬಂದರೆ ಅಮೆರಿಕದ ಪ್ರತಿಯೊಬ್ಬರಿಗೂ ಒಂದು ಕ್ಯಾನ್ ಪುಕ್ಕಟೆ. ಬ್ಯಾಂಡು ಬಿಟ್ಟು ಹೋದ ಇಬ್ಬರು ಗಿಟಾರಿಸ್ಟುಗಳಿಗೆ ಮಾತ್ರ ಇಲ್ಲ, ಒಬ್ಬ ಸ್ಲ್ಯಾಶ್, ಇನ್ನೊಬ್ಬ ತಲೆ ಮೇಲೆ ಚಿಕನ್ ಬಕೆಟ್ ಕವುಚಿಕೊಂಡು ನುಡಿಸುವ ಬಕೆಟ್‌ಹೆಡ್. ಇವರೆಲ್ಲಿ ಬಿಡುಗಡೆ ಮಾಡ್ತಾರೆ ಅನ್ನುವ ಧೈರ್ಯ ಕಂಪನಿಗೆ. ನವೆಂಬರಿನಲ್ಲಿ ಆಲ್ಬಂ ಬಂದೇ ಬಿಟ್ಟಿತು! ಕೂಪನ್ನಿಗೆ ಜನ ಮುಗಿಬಿದ್ದು ಕಂಪನಿಯ ವೆಬ್‌ಸೈಟ್ ಕೂತುಬಿಟ್ಟಿತು. ಆಗ ಬ್ಯಾಂಡಿನ ವಕೀಲರು ಕಂಪನಿಗೆ ಪತ್ರ ಬರೆದರು, ಕ್ಷಮೆ ಕೇಳಿ ಅಂತ. ಅಭಿಮಾನಿಗಳನ್ನು ಅಷ್ಟೂ ವರ್ಷ ಕಾಯಿಸಿದವರಿಗೆ ಸೋಡಾ ಕೂಪನ್ನು ಒಂದು ದಿನ ಕೈಕೊಟ್ಟದ್ದು ಸಹಿಸಲಾಗಲಿಲ್ಲ.

ಇನ್ನು "ಮತ್ತೆ ಒಟ್ಟಿಗೆ ಸೇರುವುದಿಲ್ಲ" ಅನ್ನುವ ಭೀಷ್ಮ ಪ್ರತಿಜ್ಞೆಗಳು. ಈಗಲ್ಸ್ ಬ್ಯಾಂಡು 1980ರಲ್ಲಿ ಮುರಿದುಬಿದ್ದಾಗ ಅದರ ಹಾಡುಗಾರ ಡಾನ್ ಹೆನ್ಲಿ, ನರಕ ಹೆಪ್ಪುಗಟ್ಟಿದ ದಿನ ಸೇರುತ್ತೇವೆ ಅಂದಿದ್ದ. 1994ರಲ್ಲಿ ಸೇರಿದರು, ಆಲ್ಬಮ್ಮಿಗೂ ಅದೇ ಹೆಸರು. ಅಂದರೆ ನರಕ ಹೆಪ್ಪುಗಟ್ಟಲು 14 ವರ್ಷ ಸಾಕು. ಹಳೆಯ ಗೆಳೆಯರ ಜೊತೆ ಸೇರ್ತೀರಾ ಅಂತ 2012ರಲ್ಲಿ ಕೇಳಿದ್ದಕ್ಕೆ ಆಕ್ಸೆಲ್ "ಈ ಜನ್ಮದಲ್ಲಿ ಇಲ್ಲ" ಅಂದ. 2016ರಲ್ಲಿ ಅದೇ ಸ್ಲ್ಯಾಶ್ ಜೊತೆ ಪ್ರವಾಸ ಹೊರಟ, ಪ್ರವಾಸದ ಹೆಸರೇ ಆ ಮಾತು. ಒಂದು ಜನ್ಮ ಅಂದರೆ ನಾಲ್ಕು ವರ್ಷ, ಬರೆದಿಟ್ಟುಕೊಳ್ಳಿ. ಮಾಟ್ಲಿ ಕ್ರೂ ಬ್ಯಾಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ. ಬಾಯಿಮಾತು ಬೇಡ ಅಂತ, ಇನ್ನು ಪ್ರವಾಸ ಮಾಡುವುದಿಲ್ಲ ಎಂದು 2014ರಲ್ಲಿ ಒಪ್ಪಂದಕ್ಕೇ ಸಹಿ ಹಾಕಿದರು. ಜನ ಅತ್ತುಕೊಂಡು ಕೊನೆಯ ಟಿಕೆಟ್ ಕೊಂಡರು. 2019ರಲ್ಲಿ ಆ ಒಪ್ಪಂದವನ್ನು ಸ್ಫೋಟಿಸಿ ಉಡಾಯಿಸುವ ವಿಡಿಯೋ ಬಿಟ್ಟು, ಬಂದೇ ಬಂದ್ವಿ ಅಂದರು. ಅತ್ತವರೇ ಮತ್ತೆ ಟಿಕೆಟ್ ಕೊಂಡರು.

ನಗಬೇಡಿ ಅಂತ ನಾನೇನೂ ಹೇಳಲ್ಲ. ನನ್ನ ಸಿಡಿ ಕಪಾಟಿನ ಮೇಲಿದೆ, ಅದನ್ನು ಹಾಕೋಕೆ ಮನೆಯಲ್ಲಿ ಪ್ಲೇಯರೇ ಇಲ್ಲ, ಹಾಡೆಲ್ಲ ಫೋನಿನಲ್ಲೇ ಕೇಳುವುದು. ಕವರನ್ನು ಮಾತ್ರ ತಿಂಗಳಿಗೊಮ್ಮೆ ಇಳಿಸಿ, ಧೂಳು ಒರೆಸಿ, ಚಾರ್ಜ್‌ಗೆ ಹಾಕುತ್ತೇನೆ.