ಹೆಚ್ಚು ದರದ ತೆರಿಗೆ ಕಟ್ಟಿದವರ ಮಕ್ಕಳಿಗೇ ಕಡಿಮೆ ಹಣ

ಅಮೆರಿಕದ ಸರ್ಕಾರಿ ಶಾಲೆಗಳ ಆದಾಯದಲ್ಲಿ ದೊಡ್ಡದೊಂದು ಪಾಲು ಆಯಾ ಶಾಲಾ ಜಿಲ್ಲೆಯ (ಸ್ಥಳೀಯ ಶಾಲೆಗಳನ್ನು ನಡೆಸುವ ಆಡಳಿತ ಘಟಕದ) ಆಸ್ತಿ ತೆರಿಗೆಯದು. ಮನೆ, ಮಳಿಗೆಗಳಿಗೆ ಬೆಲೆ ಬಂದಿರುವ ಕಡೆ ಅಲ್ಪ ದರದ ತೆರಿಗೆಯಲ್ಲೇ ಶಾಲೆಯ ಬೊಕ್ಕಸ ತುಂಬುತ್ತದೆ. ಬೆಲೆಯಿಲ್ಲದ ಕಡೆ ಜನ ಎಷ್ಟು ತೆತ್ತರೂ ಸಾಲದು.

ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಲೆಕ್ಕವನ್ನೇ ನೋಡಿ. 1968ರಲ್ಲಿ ಡಿಮಿಟ್ರಿಯೊ ರಾಡ್ರಿಗಸ್ ಮತ್ತಿತರ ಪೋಷಕರು ಈ ಪದ್ಧತಿಯ ವಿರುದ್ಧ ಮೊಕದ್ದಮೆ ಹೂಡಿದ ಹೊತ್ತಿಗೆ, ಹೆಚ್ಚಾಗಿ ಮೆಕ್ಸಿಕನ್ ಮೂಲದ ಕುಟುಂಬಗಳಿದ್ದ ಎಡ್ಜ್‌ವುಡ್ ಜಿಲ್ಲೆಯವರು ಪ್ರತಿ 100 ಡಾಲರ್ ಆಸ್ತಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಸುತ್ತಲಿನ ಜಿಲ್ಲೆಗಳ ಪೈಕಿ ಅದೇ ಅತಿ ಹೆಚ್ಚಿನ ದರ. ರಾಜ್ಯದ ಶಾಲಾ ನೆರವಿನ ಯೋಜನೆಗೆ ಸಲ್ಲಿಸಬೇಕಾದ ಪಾಲನ್ನು ಕಳೆದರೆ ಒಬ್ಬ ವಿದ್ಯಾರ್ಥಿಯ ಹೆಸರಿನಲ್ಲಿ ಉಳಿಯುತ್ತಿದ್ದುದು 26 ಡಾಲರ್. ಪಕ್ಕದ ಸಿರಿವಂತ ಅಲಾಮೊ ಹೈಟ್ಸ್‌ಗೆ 85 ಸೆಂಟ್ ದರದಲ್ಲೇ 333 ಡಾಲರ್ ಸಿಗುತ್ತಿತ್ತು. ರಾಜ್ಯ ಮತ್ತು ಕೇಂದ್ರದ ನೆರವು ಸೇರಿದ ಮೇಲೂ ಎಡ್ಜ್‌ವುಡ್‌ನ ವಿದ್ಯಾರ್ಥಿಗೆ 356 ಡಾಲರ್, ಅಲಾಮೊ ಹೈಟ್ಸ್‌ನ ವಿದ್ಯಾರ್ಥಿಗೆ 594 ಡಾಲರ್ ಎಂಬ ಅಂತರವಿತ್ತು. 1973ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ, ಶಿಕ್ಷಣವು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲವೆಂದು ಪೋಷಕರ ವಾದವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಭಿನ್ನಮತ ಬರೆದರು. ಇಷ್ಟು ವರ್ಷಗಳ ನಂತರವೂ ನ್ಯಾಯ ಅವರ ಕಡೆಗೇ ಇತ್ತೆಂದು ನನಗನ್ನಿಸುತ್ತದೆ.

ಆದರೆ ಎರಡೂ ಕಡೆ ಒಂದೇ ಮೊತ್ತ ಹಂಚಿಬಿಟ್ಟರೆ ಸಮಸ್ಯೆ ಮುಗಿಯಿತೆಂಬ ಮಾತನ್ನೂ ನಾನು ಒಪ್ಪಲಾರೆ. ಕಿವಿ ಕೇಳದ ಮಗುವೊಂದು ತರಗತಿಯಲ್ಲಿದ್ದರೆ ಗಣಿತದ ಪಾಠಕ್ಕೂ ವಿಜ್ಞಾನದ ಪಾಠಕ್ಕೂ ಸಂಜ್ಞಾಭಾಷೆ ಬಲ್ಲ ಸಹಾಯಕರು ಬೇಕು. ಅವರ ಹುದ್ದೆ ಖಾಲಿ ಉಳಿದರೆ ಆ ಮಗು ದಿನವಿಡೀ ಶಿಕ್ಷಕರ ತುಟಿ ಅಲುಗುವುದನ್ನು ನೋಡಿಕೊಂಡು ಮನೆಗೆ ಹೋಗುತ್ತದೆ, ಹಾಜರಿ ಪುಸ್ತಕದಲ್ಲಿ ಮಾತ್ರ ಅದು ಶಾಲೆಗೆ ಬಂದಿರುತ್ತದೆ. ಅಂಗವಿಕಲ ಮಕ್ಕಳ ಶಿಕ್ಷಣಕ್ಕಾಗಿ 1975ರಲ್ಲಿ ಕಾನೂನು ತಂದ ಅಮೆರಿಕದ ಸಂಸತ್ತು ಕಾಂಗ್ರೆಸ್, ಪ್ರತಿ ವಿದ್ಯಾರ್ಥಿಗೆ ತಗಲುವ ಸರಾಸರಿ ವೆಚ್ಚದ ಶೇ. 40ರವರೆಗೆ ಹೆಚ್ಚುವರಿಯಾಗಿ ಕೊಡುವುದಾಗಿ ಹೇಳಿತ್ತು. ಆ ಮಟ್ಟವನ್ನು ಅದು ಒಮ್ಮೆಯೂ ಮುಟ್ಟಿಲ್ಲ. ಸೇವೆ ಒದಗಿಸುವ ಹೊಣೆ ಮಾತ್ರ ಶಾಲೆಗಳ ಹೆಗಲ ಮೇಲೇ ಉಳಿದಿದೆ.

ಕ್ಯಾಲಿಫೋರ್ನಿಯಾ 2013ರಲ್ಲಿ ಹಿಡಿದ ದಾರಿ ಇದಕ್ಕಿಂತ ಮೇಲು. ಬಡ ಕುಟುಂಬದ, ಇಂಗ್ಲಿಷ್ ಕಲಿಯುತ್ತಿರುವ ಅಥವಾ ಸಾಕು ಕುಟುಂಬಗಳ ಆಶ್ರಯದಲ್ಲಿರುವ ಪ್ರತಿ ಮಗುವಿಗೂ ಅಲ್ಲಿ ಮೂಲ ಅನುದಾನದ ಮೇಲೆ ಶೇ. 20ರಷ್ಟು ಹೆಚ್ಚು ಕೊಡುತ್ತಾರೆ. ಅಲ್ಲಿಯೂ ಹಣ ಸೇರುವುದು ಜಿಲ್ಲೆಗೆ. ಅದು ಉದ್ದೇಶಿತ ಮಕ್ಕಳಿಗೇ ತಲುಪುತ್ತಿದೆಯೆಂಬುದಕ್ಕೆ ಖಾತ್ರಿಯಿಲ್ಲವೆಂದು ರಾಜ್ಯದ ಲೆಕ್ಕ ಪರಿಶೋಧಕರೇ 2019ರಲ್ಲಿ ಆಕ್ಷೇಪಿಸಿದರು. 2015ರ ಕೇಂದ್ರ ಕಾನೂನಿನ ಪ್ರಕಾರ ಪ್ರತಿ ಶಾಲೆಯ ತಲಾ ವೆಚ್ಚವನ್ನು ಪ್ರಕಟಿಸಲೇಬೇಕು. ಆ ಅಂಕಿಯ ಪಕ್ಕದಲ್ಲೇ ವಿಶೇಷ ಶಿಕ್ಷಕರ ಎಷ್ಟು ಹುದ್ದೆಗಳು ಖಾಲಿಯಿವೆ ಎಂಬುದನ್ನೂ ಬರೆಯುವಂತೆ ಕಡ್ಡಾಯ ಮಾಡಿದರೆ, ಬಜೆಟ್ ಸಭೆಯಲ್ಲಿ ಎದ್ದು ನಿಲ್ಲುವ ಪೋಷಕರ ಕೈಗೊಂದು ಆಧಾರ ಸಿಗುತ್ತದೆ.